ಹೊಸ ಬ್ಯಾಂಡುಗಳನ್ನು ತೂಗುವ ಮುನ್ನ ವಾಲ್ಯೂಮ್ ಸಮ ಮಾಡಿಕೊಳ್ಳಿ

ಇಂದಿನ ರಾಕ್ ಬ್ಯಾಂಡುಗಳಲ್ಲಿ ಎಪ್ಪತ್ತರ ದಶಕದ ಲೆಡ್ ಜೆಪ್ಪೆಲಿನ್, ಪಿಂಕ್ ಫ್ಲಾಯ್ಡ್ ಬ್ಯಾಂಡುಗಳ ಮಟ್ಟಕ್ಕೆ ಏರಬಲ್ಲವರು ಯಾರಾದರೂ ಇದ್ದಾರೆಯೇ, ಇಲ್ಲವಾದರೆ ಹೊಸಬರನ್ನು ಏಕೆ ಕೇಳಬೇಕು ಎಂದು ನೀವು ಕೇಳಿದ್ದೀರಿ. ನುಡಿಸುವ ಕಸುವಿನಲ್ಲಿ ಖಂಡಿತ ಇದ್ದಾರೆ. ಕೀರ್ತಿಯಲ್ಲಿ ಇಲ್ಲ, ಬಹುಶಃ ಇನ್ನು ಬರುವುದೂ ಇಲ್ಲ. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಲೈವ್ ಏಡ್ ಕಛೇರಿಯಲ್ಲಿ ಕ್ವೀನ್ ಬ್ಯಾಂಡ್ ಇಪ್ಪತ್ತು ನಿಮಿಷ ಹಾಡಿದಾಗ ಹಲವು ದೇಶಗಳ ಜನ ಒಂದೇ ಹೊತ್ತಿಗೆ ಟಿವಿ ಮುಂದೆ ಕುಳಿತಿದ್ದರು. ಈಗ ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಸಂಗೀತ. ಕೇಳುಗರು ಹೀಗೆ ಚದುರಿಹೋಗಿರುವುದಕ್ಕೆ ನುಡಿಸುವವರನ್ನು ದೂರುವುದು ಅನ್ಯಾಯ.

ಕಸುವಿನ ವಿಚಾರ ಬೇರೆ. ಅದು ವೇದಿಕೆಯ ಮೇಲೆ ಕಳೆದ ಗಂಟೆಗಳಿಂದ ಬರುತ್ತದೆ, ಆಗಲೂ ಈಗಲೂ. ಬೀಟಲ್ಸ್ 1960ರಿಂದ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ನುಡಿಸಿ ಪಳಗಿದ್ದರಿಂದಲೇ 1963ರ ಫೆಬ್ರವರಿ 11ರಂದು ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಧ್ವನಿಮುದ್ರಿಸಲು ಸಾಧ್ಯವಾಯಿತು. ಪಿಂಕ್ ಫ್ಲಾಯ್ಡ್‌ಗೆ ಜಗದ್ವಿಖ್ಯಾತಿ ತಂದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮನ್ನು ಅವರು ಹಿಂದಿನ ವರ್ಷವೇ ಕಛೇರಿಗಳಲ್ಲಿ ನುಡಿಸಿ ತಿದ್ದಿಕೊಂಡಿದ್ದರು. ಅದು ಅವರ ಎಂಟನೆಯ ಸ್ಟುಡಿಯೊ ಆಲ್ಬಮ್ ಎಂಬುದನ್ನು ದಯವಿಟ್ಟು ಗಮನಿಸಿ. ಎರಡೇ ಆಲ್ಬಮ್ ಹೊರತಂದಿರುವ ಹುಡುಗರನ್ನು ಆ ಎಂಟನೆಯದರ ಎದುರು ನಿಲ್ಲಿಸಿ ಸೋತರು ಎಂದು ತೀರ್ಪು ಕೊಡುವವರೇ ಹೆಚ್ಚು. ಹೋಲಿಸುವುದಾದರೆ ಮೊದಲನೆಯದನ್ನು ಮೊದಲನೆಯದರೊಡನೆ ಹೋಲಿಸಿ. ಅವಸರದ ತೀರ್ಪಿಗೆ ಹಳಬರೂ ಗುರಿಯಾಗಿದ್ದರು: 1962ರಲ್ಲಿ ಬೀಟಲ್ಸ್ ಅನ್ನು ಡೆಕ್ಕಾ ರೆಕಾರ್ಡ್ ಕಂಪನಿ ಬೇಡವೆಂದಿತು, 1969ರಲ್ಲಿ ಲೆಡ್ ಜೆಪ್ಪೆಲಿನ್‌ನ ಮೊದಲ ಆಲ್ಬಮ್ಮನ್ನು ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶೆ ಕಟುವಾಗಿ ಟೀಕಿಸಿತು.

ಈಗ ಕೇಳುವ ಕ್ರಮ. ವಾಲ್ಯೂಮ್ ಸಮ ಮಾಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಎರಡು ಹಾಡುಗಳಲ್ಲಿ ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿಗೆ ತೋರುತ್ತದೆ. 1990ರ ದಶಕದಿಂದೀಚೆಗೆ ಎಷ್ಟೋ ರಾಕ್ ಆಲ್ಬಮ್‌ಗಳ ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವಾಗ, ಮೆಲುದನಿಯನ್ನೂ ಏರುದನಿಯನ್ನೂ ಒಂದೇ ಎತ್ತರಕ್ಕೆ ಒತ್ತಿ ತಂದರು. ಮೊದಲ ನಿಮಿಷದಲ್ಲಿ ಅಬ್ಬರ ಹಿಡಿಸುತ್ತದೆ, ಅರ್ಧ ಗಂಟೆಗೆ ಕಿವಿ ದಣಿಯುತ್ತದೆ. ‘ಹೊಸ ಸಂಗೀತದಲ್ಲಿ ಜೀವವಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ದೂರುತ್ತಿರುವುದು ಈ ದಣಿವನ್ನು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸ್ಟ್ರೀಮಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಧ್ವನಿಮಟ್ಟ ಸಮಗೊಳಿಸುವ ಆಯ್ಕೆಯಿದ್ದರೆ ಆನ್ ಮಾಡಿ. ಹಳೆಯ ಆಲ್ಬಮ್‌ಗಳ ರೀಮಾಸ್ಟರ್ ಪ್ರತಿಗಳಲ್ಲಿಯೂ ಕೆಲವು ಹೀಗೆಯೇ ಒತ್ತಿದವು. ಸಾಧ್ಯವಾದರೆ ಮೂಲ ಪ್ರತಿಯನ್ನೇ ಹುಡುಕಿ.

ಆಮೇಲೆ ಗಾಯಕನನ್ನು ಸ್ವಲ್ಪ ಹೊತ್ತು ಮರೆತು ಡ್ರಮ್ಸ್ ಮತ್ತು ಬೇಸ್ ಗಿಟಾರಿನ ಹಿಂದೆ ಹೋಗಿ. ಲೆಡ್ ಜೆಪ್ಪೆಲಿನ್‌ನ ಡ್ರಮ್ಮರ್ ಜಾನ್ ಬೋನಮ್ ನುಡಿಸುವಾಗ ಲಯ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತದೆ, ಉಳಿದ ಮೂವರೂ ಅದರೊಡನೆಯೇ ಸರಿಯುತ್ತಾರೆ. ಇಂದು ಕಿವಿಯಲ್ಲಿ ಸಮ ಲಯ ಹೇಳುವ ಟಿಕ್ ಟಿಕ್ ಸದ್ದಿಗೆ (ಕ್ಲಿಕ್ ಟ್ರ್ಯಾಕ್) ನುಡಿಸಿ, ಬಳಿಕ ಕಂಪ್ಯೂಟರಿನಲ್ಲಿ ಪ್ರತಿ ಪೆಟ್ಟನ್ನೂ ಗೆರೆಗೆ ಕೂರಿಸುವುದು ಸಾಮಾನ್ಯ. ಹಾಗಾಗಿ ಹೊಸ ಬ್ಯಾಂಡಿನ ನಿಜವಾದ ಬಲ ತಿಳಿಯಬೇಕಾದರೆ ಲೈವ್ ಧ್ವನಿಮುದ್ರಿಕೆಯನ್ನೇ ಕೇಳಬೇಕು.

ನಿಮ್ಮ ಪ್ರಶ್ನೆಗೆ ಅಮೆರಿಕದ ಗ್ರೆಟಾ ವ್ಯಾನ್ ಫ್ಲೀಟ್ ಬ್ಯಾಂಡನ್ನು ಅನೇಕರು ಸೂಚಿಸಿದ್ದಾರೆ. ಅವರ ಕಂಠವೂ ಗಿಟಾರೂ ಚೆನ್ನ, ಗ್ರ್ಯಾಮಿಯೂ ಬಂದಿದೆ. ಆದರೆ ಲೆಡ್ ಜೆಪ್ಪೆಲಿನ್‌ನಂತೆ ಕೇಳಿಸುವುದು ಲೆಡ್ ಜೆಪ್ಪೆಲಿನ್‌ಗೆ ಸಮನಾದಂತಲ್ಲ. ಜೆಪ್ಪೆಲಿನ್‌ನ ನಾಲ್ವರು ಅಮೆರಿಕದ ಕಪ್ಪು ಜನರ ಹಾಡಿನ ಶೈಲಿಯಾದ ಬ್ಲೂಸ್‌ನಿಂದ ಹೊರಟು ಯಾರೂ ಕಾಣದ ಕಡೆಗೆ ಹೋಗಿದ್ದರು.

ನನ್ನ ಆಯ್ಕೆ ಮೆಲ್ಬರ್ನ್‌ನ ಕಿಂಗ್ ಗಿಜರ್ಡ್ ಆ್ಯಂಡ್ ದ ಲಿಜರ್ಡ್ ವಿಜರ್ಡ್. 2017ರಲ್ಲಿ ಒಂದೇ ವರ್ಷ ಐದು ಆಲ್ಬಮ್, 2022ರಲ್ಲಿ ಮತ್ತೆ ಐದು. 2017ರ ಮೊದಲನೆಯದಕ್ಕೆ ಗಿಟಾರಿಗೆ ಹೆಚ್ಚುವರಿ ಫ್ರೆಟ್‌ಗಳನ್ನು (ಸ್ವರಸ್ಥಾನ ಗುರುತಿಸುವ ಲೋಹದ ಪಟ್ಟಿಗಳು) ಕೂರಿಸಿ, ಪಾಶ್ಚಾತ್ಯ ಸ್ವರಗಳ ನಡುವಿನ ಸ್ವರಗಳನ್ನು ನುಡಿಸಿದರು. ಅದೇ ವರ್ಷದ ಇನ್ನೊಂದನ್ನು ಯಾರು ಬೇಕಾದರೂ ಅಚ್ಚುಹಾಕಿ ಮಾರಬಹುದೆಂದು ಉಚಿತವಾಗಿ ಬಿಟ್ಟರು. ಐದರಲ್ಲಿ ಎಲ್ಲವೂ ಒಂದೇ ಎತ್ತರದಲ್ಲಿಲ್ಲ, ನಿಜ. ಆದರೂ ವೇದಿಕೆಯ ಮೇಲೆ ಹಾಡನ್ನು ಹಿಗ್ಗಿಸಿ, ತಿರುಗಿಸಿ, ಇನ್ನೊಂದರೊಳಗೆ ನುಗ್ಗಿಸುವ ಅವರ ಧೈರ್ಯ ಎಪ್ಪತ್ತರ ದಶಕದ ಯಾವ ಬ್ಯಾಂಡಿಗೂ ಕಡಿಮೆಯಿಲ್ಲ. ಅವರ ಒಂದು ಪೂರ್ತಿ ಕಛೇರಿಯನ್ನು ಹೆಡ್‌ಫೋನ್ ಹಾಕಿ, ಮಧ್ಯೆ ನಿಲ್ಲಿಸದೆ ಕೇಳಿ. ಮೊದಲ ಸಲಕ್ಕೆ ಹಿಡಿಸದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ಕೇಳಿ. ಆಗಲೂ ಒಪ್ಪದಿದ್ದರೆ ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. ಕಡೆಗೆ ಹೋಗಿ, ಅವರ 2019ರ ಮೊದಲ ಆಲ್ಬಮ್ಮಿನಿಂದಲೇ ಆರಂಭಿಸಿ.