ಚಿಕ್ಕಮ್ಮನ ವಿಸಿಟರ್ ವೀಸಾಗೆ ಆಹ್ವಾನ ಪತ್ರದಲ್ಲಿ ಏನು ಬರೆಯಬೇಕು?

ಕೆನಡಾದಲ್ಲಿರುವ ತಮ್ಮ ಮನೆಗೆ ಚಿಕ್ಕಮ್ಮ ಎರಡು ತಿಂಗಳ ಮಟ್ಟಿಗೆ ಬರಬೇಕೆಂದಿದ್ದಾರೆ, ಅವರ ವಿಸಿಟರ್ ವೀಸಾ ಅರ್ಜಿಯೊಡನೆ ಇಡುವ ಆಹ್ವಾನ ಪತ್ರದಲ್ಲಿ ಏನೇನಿರಬೇಕು, ಅದನ್ನು ನೋಟರಿ ಮಾಡಿಸಬೇಕೇ ಎಂದು ಕೇಳಿದ್ದೀರಿ. ನನ್ನ ಸೋದರತ್ತೆಗಾಗಿ ಇಂಥ ಪತ್ರವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲ ಸಲ ವೀಸಾ ಸಿಗಲಿಲ್ಲ.

ಆ ಮೊದಲ ಪತ್ರ ಎರಡು ಪುಟ ತುಂಬಿತ್ತು. ಅತ್ತೆ ನನ್ನನ್ನು ಎತ್ತಿ ಆಡಿಸಿದವರೆಂದೂ, ಅವರನ್ನು ಕಾಣದೆ ವರ್ಷಗಳೇ ಕಳೆದವೆಂದೂ ಮನಸ್ಸು ಬಿಚ್ಚಿ ಬರೆದಿದ್ದೆ. ಆದರೆ ಎಷ್ಟು ದಿನ ಇರುತ್ತಾರೆ ಎಂಬಲ್ಲಿ ‘ಕೆಲವು ತಿಂಗಳು’ ಎಂದಷ್ಟೇ ಹೇಳಿದ್ದೆ; ಅರ್ಜಿಯಲ್ಲಿ ಅವರು 60 ದಿನವೆಂದು ತುಂಬಿದ್ದರು; ಕೆಲಸದ ಕಡೆಯಿಂದ ತಂದಿದ್ದ ರಜೆಯ ಪತ್ರದಲ್ಲಿ 30 ದಿನ ಎಂದಿತ್ತು. ವಾಸದ ಅವಧಿ ಮುಗಿದಾಗ ಅರ್ಜಿದಾರರು ದೇಶ ಬಿಟ್ಟು ಹೋಗುತ್ತಾರೆಂಬ ನಂಬಿಕೆ ಬಂದಿಲ್ಲವೆಂದು, ವಲಸೆ ನಿಯಮಾವಳಿಯ 179(ಬಿ) ಅನ್ನು ಉಲ್ಲೇಖಿಸಿ ಅರ್ಜಿ ತಿರಸ್ಕೃತವಾಯಿತು. ಒಂದೇ ಪ್ರವಾಸಕ್ಕೆ ಮೂರು ಕಾಗದ ಮೂರು ಲೆಕ್ಕ ಹೇಳುತ್ತಿದ್ದಾಗ ಆ ಅಧಿಕಾರಿಯನ್ನು ನಾನಾದರೂ ಹೇಗೆ ದೂರಲಿ?

ಆದ್ದರಿಂದ ಪತ್ರಕ್ಕೆ ಕೈ ಹಾಕುವ ಮೊದಲು ಚಿಕ್ಕಮ್ಮ ತುಂಬಿರುವ ಅರ್ಜಿಯ ಪ್ರತಿಯನ್ನೂ ಅವರ ಉಳಿದ ದಾಖಲೆಗಳನ್ನೂ ತರಿಸಿಕೊಂಡು ಎದುರಿಗಿಟ್ಟುಕೊಳ್ಳಿ. ವಿಸಿಟರ್‌ಗಳಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ ಸಿಗುತ್ತದೆ ಎಂಬ ಕಾರಣಕ್ಕೆ ಪತ್ರದಲ್ಲಿಯೂ ಆರು ತಿಂಗಳೆಂದು ಬರೆಯುವವರಿದ್ದಾರೆ, ಅದು ಬೇಡ. ಬರುವ ದಿನ, ಮರಳುವ ದಿನ ಎರಡನ್ನೂ ತಾರೀಖು ಸಮೇತ ನಮೂದಿಸಿ, ಅವು ಅರ್ಜಿಗೂ ರಜೆಯ ಪತ್ರಕ್ಕೂ ಹೊಂದುತ್ತವೆಯೇ ನೋಡಿ.

ಕೆನಡಾದ ವಲಸೆ ಇಲಾಖೆ ಪತ್ರದಲ್ಲಿ ನಿರೀಕ್ಷಿಸುವ ವಿವರಗಳು ಗುಟ್ಟಿನವೇನಲ್ಲ. ಚಿಕ್ಕಮ್ಮನ ಪೂರ್ಣ ಹೆಸರು (ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಮನೆಯಲ್ಲಿ ಕರೆಯುವಂತೆ ಅಲ್ಲ), ಜನ್ಮದಿನಾಂಕ, ವಿಳಾಸ, ಫೋನ್ ಸಂಖ್ಯೆ, ಭೇಟಿಯ ಉದ್ದೇಶ, ಎಲ್ಲಿ ಉಳಿಯುತ್ತಾರೆ, ಖರ್ಚು ಹೇಗೆ ನಡೆಯುತ್ತದೆ ಎಂಬುದು ಒಂದು ಕಡೆ. ತಮ್ಮ ಕಡೆಯಿಂದ ಹೆಸರು, ಜನ್ಮದಿನಾಂಕ, ವಿಳಾಸ, ಉದ್ಯೋಗ, ತಾವು ಅಲ್ಲಿನ ಪೌರರೋ ಪಿಆರ್ (ಕಾಯಂ ವಾಸದ ಅನುಮತಿ) ಪಡೆದವರೋ ಎಂಬುದು ಮತ್ತು ಅದರ ದಾಖಲೆಯ ಪ್ರತಿ, ಮನೆಯಲ್ಲಿ ಒಟ್ಟು ಎಷ್ಟು ಜನರಿದ್ದಾರೆ, ಸಂಗಾತಿಯ ಹಾಗೂ ಅವಲಂಬಿತರ ಹೆಸರು ಮತ್ತು ಜನ್ಮದಿನಾಂಕ.

ಸಂಬಂಧ ತಿಳಿಸುವಲ್ಲಿ ಸ್ವಲ್ಪ ಎಚ್ಚರ ಬೇಕು. ನಮಗೆ ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ ಬೇರೆ ಬೇರೆ. ಪತ್ರ ಬರೆಯುವ ಇಂಗ್ಲಿಷಿನಲ್ಲಿ ಎಲ್ಲರೂ ‘ಆಂಟ್’. ‘ನನ್ನ ತಾಯಿಯ ತಂಗಿ’ ಎಂದು ಬಿಡಿಸಿ ಬರೆಯಿರಿ. ಜೊತೆಗೆ ತಾಯಿ ಮತ್ತು ಚಿಕ್ಕಮ್ಮ ಇಬ್ಬರ ತಂದೆತಾಯಿಯ ಹೆಸರು ಒಂದೇ ಎಂದು ತೋರಿಸುವ ದಾಖಲೆಯನ್ನೂ, ತಾವು ಆ ತಾಯಿಯ ಮಗುವೆಂದು ತೋರಿಸುವ ಜನನ ಪ್ರಮಾಣಪತ್ರವನ್ನೂ ಲಗತ್ತಿಸಿದರೆ ಹೇಳಿಕೆಗೆ ಆಧಾರ ಸಿಗುತ್ತದೆ.

ಖರ್ಚಿನ ಮಾತನ್ನು ‘ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ’ ಎಂದು ಮುಗಿಸಬೇಡಿ. ನನ್ನ ಎರಡನೆಯ ಪತ್ರದ ಸಾಲುಗಳು ಹೀಗಿದ್ದವು: ‘ವಿಮಾನದ ಟಿಕೆಟ್ ಮತ್ತು ವೈದ್ಯಕೀಯ ವಿಮೆಯ ವೆಚ್ಚವನ್ನು ಅವರೇ ಭರಿಸುತ್ತಾರೆ. ಅವರು ನನ್ನ ಮನೆಯಲ್ಲೇ ಉಳಿಯುವುದರಿಂದ ವಸತಿ ಮತ್ತು ಊಟದ ವೆಚ್ಚ ನನ್ನದು.’ ಇದರ ಹಿಂದೆಯೇ ಉದ್ಯೋಗದ ಪತ್ರ, ವರ್ಷದ ಆದಾಯ ಮತ್ತು ತೆರಿಗೆಯ ಲೆಕ್ಕ ತೋರಿಸಿ ತೆರಿಗೆ ಇಲಾಖೆ ಕಳುಹಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ಪತ್ರ ಬರೆದ ಮಾತ್ರಕ್ಕೆ ಅತಿಥಿಯ ನಡವಳಿಕೆಗೆ ತಾವು ಕಾನೂನಿನ ಪ್ರಕಾರ ಹೊಣೆಯಾಗುವುದಿಲ್ಲವಾದರೂ, ಅದರಲ್ಲಿ ಇರುವುದೆಲ್ಲ ನಿಜವಾಗಿರಬೇಕು. ಅರ್ಜಿಯಲ್ಲಿ ಸುಳ್ಳು ಮಾಹಿತಿ ಕಂಡುಬಂದರೆ ಚಿಕ್ಕಮ್ಮನಿಗೆ ಐದು ವರ್ಷ ಪ್ರವೇಶ ನಿಷೇಧವಾಗಬಹುದು.

ನೋಟರಿಯ ವಿಷಯ: ವೀಸಾ ಕಚೇರಿ ಕೇಳಿದ್ದರೆ ಮಾಡಿಸಿ, ಕೇಳದಿದ್ದರೆ ಸಹಿ ಮತ್ತು ದಿನಾಂಕ ಸಾಕು. ಸೂಪರ್ ವೀಸಾದ ಮಾದರಿ ಪತ್ರವನ್ನು ನಕಲು ಮಾಡಬೇಡಿ, ಏಕೆಂದರೆ ಅದು ತಂದೆತಾಯಿ, ಅಜ್ಜಅಜ್ಜಿಯರಿಗೆ ಮಾತ್ರ, ಅದರಲ್ಲಿ ಹಣಕಾಸಿನ ನೆರವಿನ ಲಿಖಿತ ಭರವಸೆ ಕಡ್ಡಾಯ.

ಮತ್ತೊಂದು ಮಾತು. ಚಿಕ್ಕಮ್ಮ ಮರಳಿ ಹೋಗುತ್ತಾರೆಂದು ತಾವು ಎಷ್ಟು ಗಟ್ಟಿಯಾಗಿ ಬರೆದರೂ, ಅವರ ಕೆಲಸ, ಮನೆ, ಊರಿನಲ್ಲೇ ಉಳಿಯುವ ಕುಟುಂಬ, ಹಿಂದಿನ ಪ್ರವಾಸಗಳು ಹೇಳುವಷ್ಟನ್ನು ತಮ್ಮ ಪತ್ರ ಹೇಳಲಾರದು. ಅಮೆರಿಕವಂತೂ ವಿಸಿಟರ್ ವೀಸಾಗೆ ಆಹ್ವಾನ ಪತ್ರವೇ ಬೇಕಿಲ್ಲ ಎನ್ನುತ್ತದೆ. ಹಾಗಾಗಿ ಒಂದು ಪುಟಕ್ಕೆ ನಿಲ್ಲಿಸಿ, ಉಳಿದ ಶ್ರಮವನ್ನು ಅವರ ದಾಖಲೆಗಳನ್ನು ಜೋಡಿಸುವುದಕ್ಕೆ ಇಡಿ.

ವೀಸಾ ಬಂದ ಮೇಲೆ ಪತ್ರದ ಒಂದು ಪ್ರತಿಯನ್ನು ಚಿಕ್ಕಮ್ಮನ ಕೈಚೀಲದಲ್ಲಿಯೇ ಇಡಿಸಿ, ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ. ಎಲ್ಲಿ ಉಳಿಯುತ್ತೀರಿ, ಯಾವಾಗ ಮರಳುತ್ತೀರಿ ಎಂದು ವಿಮಾನ ನಿಲ್ದಾಣದ ಅಧಿಕಾರಿ ಕೇಳಿದಾಗ ನನ್ನ ಅತ್ತೆ ಮಾತಿಗೆ ತಡಕಾಡದೆ ಆ ಪುಟವನ್ನೇ ತೆಗೆದು ಮುಂದಿಟ್ಟರಂತೆ.