ಗೆರೆಗೆ ಜೀವ ಬರಬೇಕಾದರೆ ಯಾರ ಚಿತ್ರ ನೋಡಬೇಕು?

ಪೆನ್ನಿನಲ್ಲಿ ಎಷ್ಟು ಬರೆದರೂ ಗೆರೆ ಸಪ್ಪೆ ಅನ್ನಿಸುತ್ತದೆ, ಯಾರನ್ನು ನೋಡಿ ಕಲಿಯಲಿ ಅಂತ ಕೇಳಿದ್ದೀರಿ. ಬಣ್ಣದ ಚಿತ್ರಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಪತ್ರಿಕೆಗಳಿಗೆ ಕಪ್ಪು ಶಾಯಿಯಲ್ಲಿ ಬರೆದವರನ್ನು ನೋಡಿ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಂದ.

ಮಹಾರಾಜ ಕಾಲೇಜಿನಲ್ಲಿ ಓದುವಾಗಲೇ ಅವರು ರಾಶಿಯವರ (ಡಾ. ಎಂ. ಶಿವರಾಂ) ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆಯುತ್ತಿದ್ದರು. ಅಣ್ಣ, ಕಥೆಗಾರ ಆರ್.ಕೆ. ನಾರಾಯಣ್ ಅವರ ಕಥೆಗಳಿಗೂ ಚಿತ್ರ ಬರೆದರು. ಅವರ ಬಲ ಇರುವುದು ಕುಂಚದಲ್ಲಿ. ಒಂದೇ ಎಳೆತದಲ್ಲಿ ಗೆರೆ ದಪ್ಪಗಾಗಿ, ಮತ್ತೆ ಕೂದಲೆಳೆಯಷ್ಟು ಸಣ್ಣಗಾಗುತ್ತದೆ. ಒಂದೇ ದಪ್ಪದ ಪೆನ್ನಿನಲ್ಲಿ ಇದು ಬರುವುದಿಲ್ಲ, ನಿಮ್ಮ ತೊಂದರೆ ಅಲ್ಲೇ ಇರಬೇಕು. ಅವರ ವ್ಯಂಗ್ಯಚಿತ್ರಗಳಲ್ಲಿ ಬರುವ ಶ್ರೀಸಾಮಾನ್ಯನನ್ನೇ (‘ಕಾಮನ್ ಮ್ಯಾನ್’) ನೋಡಿ. ಕೋಟಿನ ತುಂಬ ಚೌಕಳಿ, ಪಂಚೆಗೆ ಕೆಲವೇ ಗೆರೆ, ಉಳಿದದ್ದೆಲ್ಲ ಖಾಲಿ ಕಾಗದ. ಅದಕ್ಕೇ ಎಂಥ ಗುಂಪಿನಲ್ಲಿ ನಿಂತರೂ ಅವನು ಥಟ್ಟನೆ ಕಾಣುತ್ತಾನೆ. ಎಲ್ಲಿ ಬರೆಯಬಾರದು ಅನ್ನೋದನ್ನು ಕಲಿಯಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಇನ್ನೊಂದು ಮಾತು. ಲಕ್ಷ್ಮಣ್ ಅವರಿಗೆ ಬಾಂಬೆಯ ಜೆ.ಜೆ. ಕಲಾಶಾಲೆಯಲ್ಲಿ ಸೀಟು ಸಿಗಲಿಲ್ಲ. ಬೀದಿ, ಜನ, ಕಾಗೆ ನೋಡಿ ಬರೆದೂ ಬರೆದೂ ಕೈ ಪಳಗಿತು. ಬ್ರಿಟನ್ನಿನ ಪತ್ರಿಕೆಗಳಿಗೆ ಬರೆಯುತ್ತಿದ್ದ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳೂ ಅವರಿಗೆ ದಾರಿ ತೋರಿಸಿದವು. ಕ್ಲಾಸಿಗೆ ಸೇರಿಲ್ಲ ಅಂತ ನೀವು ಕೊರಗಬೇಡಿ.

ಆಮೇಲೆ ಮಕ್ಕಳ ಪತ್ರಿಕೆ ‘ಚಂದಮಾಮ’ದ ಚಿತ್ರಕಾರ ಶಂಕರ್. ಹೆಗಲ ಮೇಲೆ ಹೆಣ, ಕೈಯಲ್ಲಿ ಬಿಚ್ಚುಗತ್ತಿ, ಆ ವಿಕ್ರಮನ ಚಿತ್ರ ಯಾರಿಗೆ ನೆನಪಿಲ್ಲ, ಅಲ್ವಾ? ಬಟ್ಟೆ, ಆಭರಣ, ಕಟ್ಟಡ ತುಂಬಿದ್ದರೂ ಚಿತ್ರ ಗೋಜಲಾಗದಂತೆ ನೋಡಿಕೊಳ್ಳುವುದನ್ನು ಅವರಿಂದ ಕಲಿಯಬಹುದು. 2020ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮಶ್ರೀ ಬಂತು. ಬದುಕಿದ್ದಾಗಲೇ ಬರಬೇಕಿತ್ತು.

ಸಾಮಾನು ಜಾಸ್ತಿ ಬೇಡ. 2 ಅಥವಾ 3ನೇ ನಂಬರಿನ ದುಂಡು ಕುಂಚ, ಒಂದು ಬಾಟಲಿ ಇಂಡಿಯನ್ ಇಂಕ್, ನುಣುಪಾದ ದಪ್ಪ ಕಾಗದ ಸಾಕು. ಪತ್ರಿಕೆಯಲ್ಲಿ ಕಾಣುವುದಕ್ಕಿಂತ ದೊಡ್ಡದಾಗಿ ಬರೆಯಿರಿ, ಜೆರಾಕ್ಸ್‌ನಲ್ಲಿ ಚಿಕ್ಕದು ಮಾಡಿಸಿ ನೋಡಿ. ಒತ್ತೊತ್ತಾಗಿ ಎಳೆದ ಗೆರೆಗಳು ಕೂಡಿ ಮಸಿ ಆಗಿದ್ದರೆ ಅಲ್ಲಿ ಗೆರೆ ಕಡಿಮೆ ಮಾಡಬೇಕು ಅಂತ ಲೆಕ್ಕ. ಬರೆದ ತಕ್ಷಣ ಕುಂಚ ತೊಳೆಯಿರಿ. ಶಾಯಿ ಬುಡದಲ್ಲಿ ಒಣಗಿದರೆ ತುದಿ ಸೀಳಿಕೊಂಡು ಹಾಳಾಗುತ್ತದೆ.

ಬೆಂಗಳೂರಿಗೆ ಬಂದರೆ ಎಂ.ಜಿ. ರಸ್ತೆ ಹತ್ತಿರದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋಗಿ. ಯಾವ ಪ್ರದರ್ಶನ ಇದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.