ಇಸ್ರೋದ ಸೂರ್ಯ ವೀಕ್ಷಣೆಯ ನೌಕೆ ಆದಿತ್ಯ-ಎಲ್1ರ ಡೇಟಾದಿಂದ ಭೂಮಿಯ ಬೌ ಶಾಕ್ ಮೇಲೆ ಎಂಎಸ್ಸಿ ಪ್ರಾಜೆಕ್ಟ್ ಮಾಡಬಹುದಾ? ಮಂಗಳೂರಲ್ಲೇ ಇದ್ದು ಆಗುತ್ತದಾ, ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇರುವ ಅಹಮದಾಬಾದಿಗೆ ಹೋಗಬೇಕಾ?

ನಾನೂ ಮಂಗಳೂರಲ್ಲೇ ಎಂಎಸ್ಸಿ ಮಾಡಿದವನು, ಪ್ರಾಜೆಕ್ಟೂ ಇದೇ. ಸೂರ್ಯನಿಂದ ಹರಿದು ಬರುವ ಕಣಗಳು, ಅಂದರೆ ಸೌರಮಾರುತ, ಭೂಮಿಯ ಕಾಂತಕ್ಷೇತ್ರದ ಎದುರು ಒಮ್ಮೆಲೇ ನಿಧಾನ ಆಗುವ ಗಡಿಯೇ ಬೌ ಶಾಕ್. ಕಂಕನಾಡಿಯ ಬಾಡಿಗೆ ರೂಮಲ್ಲಿ ಕೂತು ಕ್ಲಸ್ಟರ್ ಡೇಟಾ ಇಳಿಸಿಕೊಂಡೆ. 2000ರಲ್ಲಿ ಹಾರಿಸಿದ ನಾಲ್ಕು ಉಪಗ್ರಹಗಳು ಅವು. ನಾಲ್ಕರದ್ದೂ ಯಾಕೆ ತಲೆಬಿಸಿ ಅಂತ ಒಂದರದ್ದನ್ನು ಮಾತ್ರ ತೆಗೆದುಕೊಂಡೆ. ಅಲ್ಲೇ ಎಡವಿದ್ದು.

ಗ್ರಾಫ್ ಚಂದ ಇತ್ತು. ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಬರುವ ಸೌರಮಾರುತ ಒಮ್ಮೆಲೇ ನಿಧಾನ ಆಗುತ್ತದೆ, ಸಾಂದ್ರತೆಯೂ ಕಾಂತಕ್ಷೇತ್ರವೂ ಜಿಗಿಯುತ್ತವೆ. ಕಣಕ್ಕೆ ಕಣ ಡಿಕ್ಕಿ ಹೊಡೆಯದೆ ಆಗುವ ಶಾಕ್ ಇದು. ಹಾಗಾಗಿ ಆ ಜಿಗಿತ ಎಷ್ಟು ದಪ್ಪ ಎಂದು ಗೊತ್ತಾದರೆ, ಅದರ ಹಿಂದೆ ಇರುವುದು ಅಯಾನುಗಳಾ ಎಲೆಕ್ಟ್ರಾನುಗಳಾ ಅಂತ ಹೇಳಬಹುದು. ನನ್ನ ಗ್ರಾಫಲ್ಲಿ ಜಿಗಿತಕ್ಕೆ 2 ಸೆಕೆಂಡು, ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 2 ಕಿ.ಮೀ. ಗುಣಿಸಿ 4 ಕಿ.ಮೀ. ಎಂದು ಬರೆದೆ. ಅಷ್ಟು ತೆಳು ಅಂದರೆ ಎಲೆಕ್ಟ್ರಾನ್ ಅಳತೆಯ ಶಾಕ್! ಅದರ ಮೇಲೆ ಇಡೀ ಅಧ್ಯಾಯ ಕಟ್ಟಿದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ: "ಶಾಕ್ ನಿಂತೇ ಇತ್ತು ಅಂತ ನಿಮಗೆ ಯಾರು ಹೇಳಿದ್ದು?"

ಅದು ನಿಲ್ಲುವುದಿಲ್ಲ ಮಾರಾಯ್ರೆ. ಸೌರಮಾರುತದ ಒತ್ತಡ ಹೆಚ್ಚಾದರೆ ಭೂಮಿಯತ್ತ ಸರಿಯುತ್ತದೆ, ಇಳಿದರೆ ಹೊರಗೆ ಹೋಗುತ್ತದೆ, ಅದೂ ಸೆಕೆಂಡಿಗೆ ಹತ್ತಾರು ಕಿ.ಮೀ. ಮಲ್ಪೆ ಅಳಿವೆಯಲ್ಲಿ ಮೆಲ್ಲ ಹೋಗುವ ಬೋಟಿನಡಿ ಅಲೆ ಹಾದರೆ, ಬೋಟಿನ ವೇಗ ಹಿಡಿದು ಅಲೆಯ ಅಗಲ ಅಳೆದ ಹಾಗಾಯಿತು ನನ್ನ ಲೆಕ್ಕ. ಶಾಕ್‌ನ ವೇಗ ಸೆಕೆಂಡಿಗೆ 50 ಕಿ.ಮೀ. ಎಂದಿಟ್ಟರೆ ಅದೇ 2 ಸೆಕೆಂಡಿಗೆ 100 ಕಿ.ಮೀ., ಅದು ಅಯಾನಿನ ಅಳತೆ. ತೀರ್ಮಾನವೇ ತಲೆಕೆಳಗು. ಸುಳಿವು ನನ್ನ ಕಣ್ಣೆದುರೇ ಇತ್ತು: ಉಪಗ್ರಹ ಒಂದೇ ದಿಕ್ಕಲ್ಲಿ ಹೋಗುತ್ತಿದ್ದರೂ ಶಾಕನ್ನು ಮತ್ತೆ ಮತ್ತೆ ದಾಟಿತ್ತು. ನಿಂತ ಗೆರೆಯನ್ನು ಹಾಗೆ ದಾಟಲು ಆಗುತ್ತದಾ? 2007ರಲ್ಲಿ ವಾಯೇಜರ್ 2 ನೌಕೆ ಸೌರವ್ಯೂಹದ ಹೊರ ಅಂಚಿನ ಕಡೆ ಸೌರಮಾರುತ ನಿಧಾನ ಆಗುವ ಟರ್ಮಿನೇಷನ್ ಶಾಕನ್ನು ಹಲವು ಸಲ ದಾಟಿದ್ದೂ ಹೀಗೆಯೇ. ನನ್ನ ಅಧ್ಯಾಯ ಬಿದ್ದುಹೋಯಿತು, ಆ ವರ್ಷದ ಪಿಎಚ್‌ಡಿ ಅರ್ಜಿಯೂ ಹೋಯಿತು.

ನಾಲ್ಕು ಉಪಗ್ರಹ ಇದ್ದರೆ, ಶಾಕ್ ಒಂದೊಂದನ್ನು ಮುಟ್ಟಿದ ಸಮಯದ ವ್ಯತ್ಯಾಸದಿಂದ ಅದರ ದಿಕ್ಕೂ ವೇಗವೂ ಸಿಗುತ್ತವೆ.

ನಿಮ್ಮ ಪ್ರಶ್ನೆಯಲ್ಲಿ ಊರಿನ ಚಿಂತೆ ಬೇಡವೇ ಬೇಡ, ಡೇಟಾ ಎಲ್ಲ ಪುಕ್ಕಟೆ ಉಂಟು. ಶುಕ್ರನತ್ತ ಹೋದ ನಾಸಾ ನೌಕೆ ಮ್ಯಾರಿನರ್ 2ರ ಮಾಹಿತಿ ಹಿಡಿದು ಸೌರಮಾರುತ ನಿರಂತರ ಎಂದು ತೋರಿಸಿದವರಲ್ಲಿ ನಮ್ಮ ಉಡುಪಿಯ ಅದಮಾರಿನ ಯು.ಆರ್. ರಾವ್ ಒಬ್ಬರು, ಅವರ ಕೈಯಲ್ಲಿದ್ದದ್ದೂ ದೂರದಿಂದ ಬಂದ ಅಂಕಿಗಳೇ. ಚಿಂತೆ ಮಾಡಬೇಕಾದ್ದು ಉಪಗ್ರಹದ ಬಗ್ಗೆ. ಆದಿತ್ಯ ಇರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ, ಬೌ ಶಾಕ್ ಇರುವುದು ಸುಮಾರು 90 ಸಾವಿರ ಕಿ.ಮೀ.ಯಲ್ಲಿ. ಆದಿತ್ಯ ಅದನ್ನು ದಾಟುವುದೇ ಇಲ್ಲ. ಅದರ ಡೇಟಾವೇ ಬೇಕಿದ್ದರೆ ಸೂರ್ಯನ ಸ್ಫೋಟಗಳು ತಳ್ಳಿಕೊಂಡು ಬರುವ ಶಾಕ್‌ಗಳನ್ನು ನೋಡಿ, ಅವು ಭೂಮಿಗಿಂತ ಮೊದಲು ಅದಕ್ಕೆ ಬಡಿಯುತ್ತವೆ.

ಬೌ ಶಾಕೇ ಬೇಕಾದರೆ 2015ರಲ್ಲಿ ನಾಸಾ ಹಾರಿಸಿದ ನಾಲ್ಕು ಉಪಗ್ರಹಗಳ ಎಂಎಂಎಸ್ ಹಿಡಿಯಿರಿ. ನೂರು ಶಾಕ್ ಬೇಡ, ಒಂದು ಸಾಕು. ಮೊದಲು ವೇಗ, ಆಮೇಲೆ ದಪ್ಪ. ತುಂಬಾ ಬೇಗ ಬೇಗ ಅಳೆದ ಬರ್ಸ್ಟ್ ಮೋಡ್ ಫೈಲುಗಳನ್ನೇ ಇಳಿಸಿಕೊಳ್ಳಿ: ಉಪಗ್ರಹಗಳ ನಡುವೆ 10 ಕಿ.ಮೀ. ಅಂತರ ಇದ್ದರೆ ಸೆಕೆಂಡಿಗೆ 50 ಕಿ.ಮೀ. ವೇಗದ ಶಾಕ್ ಅದನ್ನು 0.2 ಸೆಕೆಂಡಲ್ಲಿ ದಾಟುತ್ತದೆ, ಮಾಮೂಲಿ ಸರ್ವೆ ಮೋಡಲ್ಲಿ ಕಣಗಳ ಅಳತೆ ಬರುವುದು 4.5 ಸೆಕೆಂಡಿಗೊಮ್ಮೆ.